ಮೇಜು ಮೊದಲೋ, ಅಂಗೈ ಮೊದಲೋ?

ಬರಹದ ಆಕಾರವನ್ನು ನಿರ್ಣಯಿಸುವುದು ಬರೆಯುವವನ ಬುದ್ಧಿಗಿಂತ ಹೆಚ್ಚಾಗಿ ಬರೆಯುವ ವಸ್ತು. ತಾಳೆಯ ಗರಿ ನೀಳವಾಗಿಯೂ ಕಿರಿದಾಗಿಯೂ ಇದ್ದುದರಿಂದ ಅದರ ಮೇಲಣ ಸಾಲುಗಳು ಉದ್ದವಾದುವು, ಸಂಖ್ಯೆಯಲ್ಲಿ ಕೆಲವೇ ಆದುವು. ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದವರಿಗೆ ಮಡಿಕೆಯ ಅಗಲವೇ ಲೆಕ್ಕದ ಅಗಲವೂ ಆಗಿತ್ತು. ಕಾಗದ ಬಂತು, ಮೇಜು ಬಂತು. ಅವುಗಳ ಹಿಂದೆಯೇ ಹತ್ತಾರು ಅಂಕಣಗಳ ಪಹಣಿಯೂ ಬಂತು. ಆ ಅಗಲವಾದ ಹಾಳೆ ಈಗ ಅಂಗೈಯಗಲದ ಮೊಬೈಲಿನೊಳಗೆ ನುಸುಳಬೇಕಾಗಿದೆ.

ಜಾಲತಾಣಗಳನ್ನು ಕಟ್ಟುವವರಲ್ಲಿ ಹದಿನೈದು ವರ್ಷಗಳಿಗೂ ಮೀರಿ ನಡೆದಿರುವ ಒಂದು ವಾದವನ್ನು ತಿಳಿಯಲು ಈ ಪಹಣಿಗಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ. ಪುಟವನ್ನು ಮೊದಲು ಮೇಜಿನ ಕಂಪ್ಯೂಟರಿಗೆ ರಚಿಸಿ ಬಳಿಕ ಮೊಬೈಲಿಗೆ ಕುಗ್ಗಿಸಬೇಕೆ, ಅಥವಾ ಮೊಬೈಲಿಗೆ ರಚಿಸಿ ಬಳಿಕ ಹಿಗ್ಗಿಸಬೇಕೆ ಎಂಬುದೇ ಆ ವಾದ.

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯ ರೈತನನ್ನೇ ತೆಗೆದುಕೊಳ್ಳೋಣ. 1961ರ ಕಾಯಿದೆಯಂತೆ ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ಕೊನೆಗೊಂಡು, ಲೆಕ್ಕದ ಪುಸ್ತಕ ಗ್ರಾಮಲೆಕ್ಕಿಗರ ಕೈಗೆ ಬಂತು. ಪುಸ್ತಕ ಯಾರ ಕೈಯಲ್ಲಿತ್ತೋ ಅವರನ್ನು ಹುಡುಕಿಕೊಂಡು ಅಲೆಯುವ ಪಾಡು ಮಾತ್ರ ರೈತನಿಗೆ ತಪ್ಪಲಿಲ್ಲ. ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ (1999–2004) ‘ಭೂಮಿ’ ಯೋಜನೆ ರಾಜ್ಯದ ಉದ್ದಗಲಕ್ಕೂ ಹರಡಿತು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಸೇರಿದುವು; 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟವನಿಗೆ ಪಹಣಿಯ ಅಚ್ಚಾದ ಪ್ರತಿ ದೊರೆಯತೊಡಗಿತು.

ಆ ಕೇಂದ್ರದಲ್ಲಿ ಎರಡು ಪರದೆಗಳಿದ್ದುವು ಎಂಬುದನ್ನು ಗಮನಿಸಬೇಕು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಕಿಟಕಿಯಾಚೆ ನಿಂತ ರೈತನ ಕಡೆಗೆ. ತನ್ನ ಜಮೀನಿನ ವಿಷಯವಾಗಿ ಒಳಗೆ ಏನು ನಡೆಯುತ್ತಿದೆಯೆಂಬುದನ್ನು ಆತ ಕಣ್ಣಾರೆ ಕಾಣಲಿ ಎಂಬ ಉದ್ದೇಶ ಅದರಲ್ಲಿತ್ತು. ಬಹಳ ಒಳ್ಳೆಯ ಯೋಚನೆಯೇ ಸರಿ. ಆದರೆ ಎರಡು ಪರದೆಗಳಲ್ಲಿ ಕಾಣುತ್ತಿದ್ದುದು ಒಂದೇ ಚಿತ್ರ, ಅದೂ ಸಿಬ್ಬಂದಿಯ ಕೆಲಸಕ್ಕೆ ಒಪ್ಪುವ ಚಿತ್ರ. ‘ಭೂಮಿ’ ಆಗ ಜಾಲತಾಣವಾಗಿರಲಿಲ್ಲ, ನಿಜ. ದಾಖಲೆಗಳು ಜಾಲಕ್ಕೆ ಬಂದಾಗ ಮೇಜಿನ ಹಾಳೆ ಹಾಗೆಯೇ ಅಲ್ಲಿಗೂ ಬಂತು.

ಇಷ್ಟರಲ್ಲಿ ಹೊರಗಿನ ಪ್ರಪಂಚ ಸುಮ್ಮನಿರಲಿಲ್ಲ. 2007ರಲ್ಲಿ ಬಂದ ಐಫೋನು ದೊಡ್ಡ ಪುಟವನ್ನು ಇರುವೆಯ ಸಾಲಿನಷ್ಟು ಚಿಕ್ಕದು ಮಾಡಿ ತೋರಿಸಿ, ಬೇಕಾದವರು ಬೆರಳಿನಿಂದ ಹಿಗ್ಗಿಸಿಕೊಳ್ಳಲಿ ಎಂದಿತು. 2009ರಲ್ಲಿ ಅಮೆರಿಕದ ಲ್ಯೂಕ್ ರೊಬ್ಲೆವ್‌ಸ್ಕಿ ‘ಮೊಬೈಲ್ ಮೊದಲು’ ಎಂಬ ಮಾತನ್ನೆತ್ತಿದರು. 2010ರಲ್ಲಿ ಈಥನ್ ಮಾರ್ಕಾಟ್ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಪುಟದ ಕ್ರಮವನ್ನು ವಿವರಿಸಿದರು. ದೊಡ್ಡವರ ಕೋಟನ್ನು ಕತ್ತರಿಸಿ ಮಗುವಿಗೆ ಹೊಲಿದರೆ ಹೊಲಿಗೆಯ ಒಳಗೆ ಬಟ್ಟೆಯ ಗಂಟು ಉಳಿಯುವಂತೆ, ಮೇಜಿನ ಪುಟವನ್ನು ಕುಗ್ಗಿಸಿದಾಗ ಬೇಡದ ಭಾರ ಕಣ್ಣಿಗೆ ಮರೆಯಾದರೂ ಅನೇಕ ವೇಳೆ ಇಳಿದು ಬಂದೇ ಬರುತ್ತದೆ. ಅದಕ್ಕೆ ತಗಲುವ ಡೇಟಾ ಓದುಗನ ಲೆಕ್ಕಕ್ಕೆ. ಮೊಬೈಲಿನಿಂದ ಆರಂಭಿಸಿದರೆ ಮಾತ್ರ, ಯಾವುದು ಮೊದಲು ಬೇಕು, ಯಾವುದು ಬಳಿಕ ಎಂಬ ಪ್ರಶ್ನೆಗೆ ರಚಿಸುವವನು ಉತ್ತರ ಕೊಡದೆ ಗತ್ಯಂತರವಿಲ್ಲ.

ಈ ಪಕ್ಷದ ಅತಿರೇಕವೂ ನಮ್ಮಲ್ಲೇ ನಡೆದುಹೋಯಿತು. ಬೆಂಗಳೂರಿನ ಮಿಂತ್ರಾ ಎಂಬ ಉಡುಪಿನ ಅಂಗಡಿ 2015ರ ಮೇ ತಿಂಗಳಲ್ಲಿ ತನ್ನ ಜಾಲತಾಣದ ಕದವನ್ನೇ ಮುಚ್ಚಿ, ಮೊಬೈಲಿನ ಆ್ಯಪ್ ಒಂದರಿಂದಲೇ ವ್ಯಾಪಾರವೆಂದಿತು. 2016ರ ಫೆಬ್ರವರಿಯಲ್ಲಿ ಮೊಬೈಲಿನ ಜಾಲಪುಟವನ್ನೂ, ಜೂನ್‌ನಲ್ಲಿ ಮೇಜಿನ ಪುಟವನ್ನೂ ಅದು ಮತ್ತೆ ತೆರೆಯಬೇಕಾಯಿತು. ‘ಮೊದಲು’ ಎಂಬುದನ್ನು ‘ಮಾತ್ರ’ ಎಂದು ಓದಿಕೊಂಡದ್ದರ ಫಲ. ಆದರೂ ಗಾಳಿ ಮೊಬೈಲಿನ ಕಡೆಗೇ ಬೀಸುತ್ತಿತ್ತು: ಅದೇ 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಪುಟಗಳನ್ನು ಅವುಗಳ ಮೊಬೈಲ್ ರೂಪದಿಂದಲೇ ಅಳೆಯುವೆವೆಂದು ಗೂಗಲ್ ಸಾರಿತು.

ನಮ್ಮ ಪಹಣಿಗೆ ಬರೋಣ. ಜಿಲ್ಲೆ ಮಂಡ್ಯ, ತಾಲ್ಲೂಕು ಮಂಡ್ಯ, ಹೋಬಳಿ ಕೆರಗೋಡು, ಆಮೇಲೆ ಗ್ರಾಮ, ಸರ್ವೆ ನಂಬರು, ಹಿಸ್ಸಾ — ಹೀಗೆ ಒಂದೊಂದಾಗಿ ಮೆಟ್ಟಿಲಿಳಿದು ಹೋದವನಿಗೆ ಕಾಣುವ ಹಾಳೆಯನ್ನು ಮೊಬೈಲಿನಲ್ಲಿ ಎಡಕ್ಕೂ ಬಲಕ್ಕೂ ಎಳೆಯಬೇಕು. ಒಂಬತ್ತನೆಯ ಅಂಕಣದಲ್ಲಿ ಹೆಸರು ಕಂಡರೆ ಮೂರನೆಯದರ ಎಕರೆ ಗುಂಟೆ ಮರೆಯಾಗುತ್ತದೆ. ಹನ್ನೊಂದನೆಯದರ ಸಾಲದ ನಮೂದು ನೋಡಲು ಹೋದರೆ ಹೆಸರೂ ಜಾರುತ್ತದೆ. ರೈತನಿಗೆ ಬೇಕಾದದ್ದು ಮುಖ್ಯವಾಗಿ ಮೂರು: ಜಮೀನು ಎಷ್ಟು, ಯಾರ ಹೆಸರಿನಲ್ಲಿದೆ, ಅದರ ಮೇಲೆ ಸಾಲವೇನಿದೆ. ಇವು ಮೊದಲು ಒಂದರ ಕೆಳಗೊಂದು ಬಂದು, ಇಡಿಯ ಹಾಳೆ ಬಳಿಕ ತೆರೆಯುವಂತಿರುವುದೇ ನ್ಯಾಯವೆಂದು ನಮಗೆ ತೋರುತ್ತದೆ.

2020ರ ಮುಂಗಾರಿನಲ್ಲಿ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆಯ ಚಿತ್ರ ತೆಗೆದು ಸಮೀಕ್ಷೆಗೆ ಕಳುಹಿಸುವ ಏರ್ಪಾಡನ್ನು ಸರ್ಕಾರ ಮಾಡಿತು. ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತು ಮಾಡುವ ಆ ಕೆಲಸದಲ್ಲಿ ಮೇಜಿಗೆ ಸ್ಥಾನವೇ ಇರಲಿಲ್ಲ. ಆದರೆ ಅಣ್ಣತಮ್ಮಂದಿರ ಹಿಸ್ಸೆಯ ತಕರಾರು ಬಂದು, ಹತ್ತು ವರ್ಷಗಳ ಪಹಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕಾದ ದಿನ ಅಗಲವಾದ ಪರದೆಯೇ ಬೇಕು. ಬೆಳೆಸಾಲ ಕೇಳಲು ಹೋದಾಗ ಸಹಕಾರ ಸಂಘದವರು ಕೇಳುವುದೂ ಅದೇ ಇಡಿಯ ಹಾಳೆಯನ್ನು.