ಘಟಪ್ರಭಾ ಸೀಮೆಯ ಬೇಟೆ: ಮದ್ದಿನಿಂದ ಕಾಡತೂಸಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬೇಟೆಯ ಇತಿಹಾಸವನ್ನು ಕೋವಿಯಿಂದಷ್ಟೇ ಅಲ್ಲ, ಗುಂಡಿನಿಂದಲೂ ಅರಿಯಬೇಕಾಗುತ್ತದೆ. ನಳಿಗೆಯ ಬಾಯಿಂದ ಮದ್ದು ತುಂಬುವ ಕಾಲದಲ್ಲಿ ಚಿಗರೆಗೆಷ್ಟು, ಹಂದಿಗೆಷ್ಟು ಎಂಬ ನಿರ್ಣಯ ಬೇಟೆಗಾರನದೇ ಆಗಿತ್ತು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಇದಕ್ಕೆ ಕುತ್ತು ತಂದಿತು. ನೆರೆಯ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ, ಆ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯದೊಡನೆ ಕಾದಿದರು. ಸೆರೆಸಿಕ್ಕ ಹಲವರು ಗಲ್ಲಿಗೇರಿದರು. 1878ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಯ ವ್ಯವಸ್ಥೆಯನ್ನು ಬಲಪಡಿಸಿತು.

ಸ್ವಾತಂತ್ರ್ಯಾನಂತರ, ಸೈನ್ಯದ .303 ಅಳತೆ ಸಾರ್ವಜನಿಕರಿಗೆ ನಿಷಿದ್ಧವಾಗಿದ್ದುದರಿಂದ ಇಶಾಪುರದ .315 ರೈಫಲ್ ಬಳಕೆಗೆ ಬಂತು. ಅದರ ಕಾಡತೂಸು 1869ರಲ್ಲಿ ಸ್ಥಾಪಿತವಾದ ಪುಣೆಯ ಖಡಕಿ ಕಾರ್ಖಾನೆಯಲ್ಲಿ ಸಿದ್ಧವಾಗುತ್ತಿತ್ತು. ಆಯ್ಕೆ ಉಳಿದದ್ದು ಗುಂಡಿನ ತುದಿಯಲ್ಲಿ: ಮೆತ್ತನೆಯ ಸೀಸದ ತುದಿ ಮೈಯೊಳಗೆ ಅರಳಿ ಜಿಂಕೆಯನ್ನು ಬೇಗ ಕೆಡಹುತ್ತದೆ, ಪೂರ್ಣ ಲೋಹಕವಚದ ಗುಂಡು ತೂರಿಹೋದರೆ ಗಾಯಗೊಂಡ ಪ್ರಾಣಿ ಓಡಿಹೋಗಿ ನರಳುತ್ತದೆ. ದಪ್ಪ ಭುಜದ ಹಂದಿಗೆ ಭಾರದ ಗುಂಡೇ ತಕ್ಕುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಟ್ಟು ಹಾಕಿತು. 1991ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೇ ಕೊನೆಗೊಳಿಸಿತು. ಕಬ್ಬು, ಗೋವಿನಜೋಳ ಕೆಡಿಸುವ ಹಂದಿಯನ್ನು ಕೊಲ್ಲಲು ಅಧಿಕಾರಿಯ ಲಿಖಿತ ಆದೇಶ ಬೇಕು. ಹೀಗೆ ನಿರ್ಣಯವು ಬೇಟೆಗಾರನ ಕೈಯಿಂದ ಕಾರ್ಖಾನೆಗೆ, ಅಲ್ಲಿಂದ ಶಾಸನಕ್ಕೆ ಸರಿಯಿತು.