ಸಾದಾನೋ, ಪವರ್ರೋ? ನಿಮ್ಮ ಗಾಡಿಗೆ ಯಾವ ಪೆಟ್ರೋಲ್ ಸಾಕು, ಇ20 ಬಂದ ಮೇಲೆ ಏನೇನು ನೋಡ್ಕೋಬೇಕು

ಹಾವೇರಿ: ಬಂಕ್‌ನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಬರೋ ಪ್ರಶ್ನೆ ಇದು: ‘ಸಾದಾ ಹಾಕ್ಲೇನ್ರಿ, ಪವರ್ ಹಾಕ್ಲೇನ್ರಿ?’ ಹಿಂದೆ ನಾಲ್ಕು ಗಾಡಿಯವರು ಹಾರ್ನ್ ಹೊಡೀತಿರ್ತಾರೆ, ಯೋಚನೆ ಮಾಡೋಕೆ ಪುರುಸೊತ್ತು ಇರಲ್ಲ. ಹೆಸರಲ್ಲೇ ಪವರ್ ಇದೆಯಲ್ಲ, ಇಂಜಿನ್‌ಗೆ ಒಳ್ಳೇದೇ ಇರಬೇಕು ಅಂತ ಅದನ್ನೇ ಹಾಕಿಸಿಬಿಡ್ತೀವಿ. ಆದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಓಡೋ ಬಹುಪಾಲು ಕಾರು, ಓಮ್ನಿ, ಬೈಕ್‌ಗಳಿಗೆ ಆ ಹೆಚ್ಚಿನ ದುಡ್ಡಿನಿಂದ ಸಿಗೋದು ಬಹಳ ಕಡಿಮೆ. ಹಳೇ ಗಾಡಿ ಇದ್ದವರು ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಬೇರೆ ಇದೆ. ಅದು ಪೆಟ್ರೋಲ್‌ನೊಳಗೆ ಬೆರೆತಿರುವ ಎಥೆನಾಲ್.

ಮೊದಲು ಆಕ್ಟೇನ್ ಅಂದ್ರೇನು ನೋಡೋಣ. ಬಂಕ್ ಬೋರ್ಡ್ ಮೇಲಿನ 91, 95, 100 ಅನ್ನೋ ನಂಬರು ಶಕ್ತಿಯ ಲೆಕ್ಕ ಅಲ್ಲ. ಇಂಜಿನ್ ಒಳಗೆ ಪೆಟ್ರೋಲ್ ಮತ್ತು ಗಾಳಿಯನ್ನು ಪಿಸ್ಟನ್ ಒತ್ತುತ್ತದೆ, ಆಮೇಲೆ ಪ್ಲಗ್ ಕಿಡಿ ಕೊಡುತ್ತದೆ. ಸರಿಯಾದ ಹೊತ್ತಿಗೆ ಹೊತ್ತಿಕೊಳ್ಳೋ ಬದಲು ಒತ್ತಡ, ಬಿಸಿಗೆ ತಾನಾಗೇ ಅಲ್ಲಲ್ಲಿ ಸಿಡಿದರೆ ಟಕಟಕ ಸದ್ದು ಬರುತ್ತದೆ. ಅದಕ್ಕೇ ಮೆಕ್ಯಾನಿಕ್‌ಗಳು ‘ನಾಕಿಂಗ್’ ಅನ್ನೋದು. ಹಂಗೆ ಸಿಡಿಯದೆ ತಡೆದುಕೊಳ್ಳೋ ತಾಕತ್ತೇ ಆಕ್ಟೇನ್. ಜಾಸ್ತಿ ಒತ್ತುವ ಇಂಜಿನ್‌ಗೆ, ಟರ್ಬೊ ಇರುವ ಇಂಜಿನ್‌ಗೆ ಆಕ್ಟೇನ್ ಜಾಸ್ತಿ ಬೇಕು. ಕಡಿಮೆ ಒತ್ತುವ ಹಳೇ ಓಮ್ನಿಗೆ 100 ಆಕ್ಟೇನ್ ಕುಡಿಸಿದರೂ ಅದು ಓಮ್ನಿಯೇ.

ನಮ್ಮಲ್ಲಿ ಸಾದಾ ಪೆಟ್ರೋಲ್‌ಗೆ ಹಿಂದೆ 88 ಆಕ್ಟೇನ್ ಇತ್ತು. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಕಡೆ ಬಿಎಸ್-6 ಬಂತು, ಅದರಲ್ಲಿ ಕನಿಷ್ಠ 91. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಎಚ್‌ಪಿಯ ಪವರ್95 ಹೆಸರಲ್ಲೇ ನಂಬರು ಹೇಳುತ್ತವೆ. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ತಂದ ಎಕ್ಸ್‌ಪಿ100 ಆಗಲೇ ದಿಲ್ಲಿಯಲ್ಲಿ ಲೀಟರ್‌ಗೆ 160 ರೂಪಾಯಿ ಇತ್ತು, ಅದು ದುಬಾರಿ ಕಾರು, ದೊಡ್ಡ ಬೈಕ್‌ಗಳ ವ್ಯವಹಾರ, ಅದನ್ನ ಇಲ್ಲಿಗೇ ಬಿಡೋಣ.

ಈಗ ಒಂದು ತಮಾಷೆ ನೋಡ್ರಿ. ಎಥೆನಾಲ್‌ಗೆ ಸ್ವತಃ 108ರ ಆಸುಪಾಸು ಆಕ್ಟೇನ್ ಇದೆ. ಶೇ 20ರಷ್ಟು ಬೆರೆಸಿದ ಮೇಲೆ ಪೆಟ್ರೋಲ್‌ನ ಆಕ್ಟೇನ್ 95ರವರೆಗೆ ಏರಿದೆ ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಅಂದ್ರೆ ಸಾದಾ ಪೈಪಿನಿಂದ ಬರೋದೇ ಈಗ ಸಾಕಷ್ಟು ಗಟ್ಟಿ. ಪ್ರೀಮಿಯಂನಲ್ಲಿ ಉಳಿದ ಮುಖ್ಯ ವ್ಯತ್ಯಾಸ ಅಂದ್ರೆ ಇಂಜೆಕ್ಟರ್, ವಾಲ್ವ್ ಚೊಕ್ಕಟ ಇಡೋಕೆ ಹಾಕುವ ಕೆಮಿಕಲ್. ಅದು ಸುಳ್ಳಲ್ಲ, ಆದರೆ ದಿನಾ ಕೊಡುವಷ್ಟು ಬೆಲೆಯದ್ದೂ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಅಂಗಡಿಯವರು ಲೆಕ್ಕ ಹಾಕಿ ನೋಡಿ. ಲೀಟರ್‌ಗೆ 8 ರೂಪಾಯಿ ಫರಕು ಅಂತ ಹಿಡ್ಕೊಳ್ಳೋಣ (ದರ ದಿನಾ ಬೆಳಿಗ್ಗೆ 6ಕ್ಕೆ ಬದಲಾಗುತ್ತೆ, ಬೋರ್ಡ್ ನೋಡ್ಕೊಳ್ಳಿ). ಮಾಲು ತರೋಕೆ ತಿಂಗಳಿಗೆ 60 ಲೀಟರ್ ಸುಡುವ ಈಕೋ ಗಾಡಿಗೆ ತಿಂಗಳಿಗೆ 480, ವರ್ಷಕ್ಕೆ 5,760 ರೂಪಾಯಿ. ಅಷ್ಟರಲ್ಲಿ ಒಂದು ಒಳ್ಳೇ ಸರ್ವಿಸ್ ಆಗುತ್ತದೆ, ಆಯಿಲ್, ಫಿಲ್ಟರ್, ಪ್ಲಗ್ ಎಲ್ಲ ಸೇರಿ.

ಹಾಗಾದ್ರೆ ನಿಮ್ಮ ಗಾಡಿಗೆ ಯಾವುದು? ಉತ್ತರ ಗಾಡಿಯಲ್ಲೇ ಇದೆ. ಪೆಟ್ರೋಲ್ ಮುಚ್ಚಳದ ಒಳಮಗ್ಗುಲಲ್ಲಿ ಸ್ಟಿಕರ್ ಇರುತ್ತದೆ, ಇಲ್ಲದಿದ್ರೆ ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆಯಿರಿ. ‘91 ಅಥವಾ ಹೆಚ್ಚು’ ಅಂತ ಇದ್ರೆ ಸಾದಾ ಸಾಕು. 95 ಬೇಕೇ ಬೇಕು ಅಂತ ಬರೆದಿದ್ರೆ ಅದನ್ನೇ ಹಾಕಿಸಿ, ಅಲ್ಲಿ ಉಳಿತಾಯ ಮಾಡೋಕೆ ಹೋಗಬೇಡಿ. ಸಣ್ಣ ಟರ್ಬೊ ಪೆಟ್ರೋಲ್ ಕಾರು ಇದ್ದವರಿಗೆ ಪ್ರೀಮಿಯಂನಲ್ಲಿ ಎಳೆತ ಸ್ವಲ್ಪ ಚುರುಕು ಅನ್ನಿಸಬಹುದು, ಯಾಕಂದ್ರೆ ಅವುಗಳ ಕಂಪ್ಯೂಟರ್ ನಾಕಿಂಗ್ ಗೊತ್ತಾದ ಕೂಡಲೇ ಕಿಡಿಯನ್ನು ಹಿಂದೆ ಸರಿಸಿ ಶಕ್ತಿ ಕಡಿಮೆ ಮಾಡುತ್ತದೆ. ಅನುಮಾನ ಇದ್ರೆ ನೀವೇ ಪರೀಕ್ಷೆ ಮಾಡಿ: ಒಂದೇ ಬಂಕ್‌ನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಕಿಲೋಮೀಟರ್ ಬರೆದಿಟ್ಟು, ಮೂರು ಸಲ ಸಾದಾ, ಮೂರು ಸಲ ಪ್ರೀಮಿಯಂ. ಒಂದು ಸಲ ಹಾಕಿಸಿ ‘ಗಾಡಿ ಹಾರ್ತೈತಿ’ ಅನ್ನೋದು ಲೆಕ್ಕಕ್ಕಿಲ್ಲ.

ಶಿರಸಿಯಿಂದ ಕುಮಟಾಕ್ಕೆ ಹೋಗಿ ವಾಪಸ್ ದೇವಿಮನೆ ಘಟ್ಟ ಹತ್ತುವಾಗ ಟಕಟಕ ಬಂತು ಅಂತ ಪೆಟ್ರೋಲ್ ಬದಲಿಸೋ ಮುಂಚೆ ಗ್ಯಾರೇಜ್‌ಗೆ ತೋರಿಸಿ. ಗೇರ್ ಇಳಿಸದೆ ಎಳೆದದ್ದು, ಇಂಜಿನ್ ಬಿಸಿ, ತಪ್ಪು ಪ್ಲಗ್, ತಪ್ಪು ಟೈಮಿಂಗ್, ಒಳಗೆ ಕಟ್ಟಿದ ಕಾರ್ಬನ್, ಇದರಲ್ಲಿ ಯಾವುದಾದರೂ ಕಾರಣ ಇರಬಹುದು.

ಎಥೆನಾಲ್ ವಿಷಯ

2023ರ ಫೆಬ್ರುವರಿ 6ರಂದು ಪ್ರಧಾನಿ ಮೋದಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20ಗೆ ಚಾಲನೆ ಕೊಟ್ಟರು. ಆಗ 84 ಬಂಕ್‌ಗಳಲ್ಲಿ ಮಾತ್ರ ಇತ್ತು. 2025ರ ಹೊತ್ತಿಗೆ ದೇಶದ ಎಲ್ಲ ಕಡೆ ಅದೇ ಆಯಿತು. ಸಾದಾ ಬೇಡ, 95 ಹಾಕಿಸಿದ್ರೆ ಎಥೆನಾಲ್ ತಪ್ಪುತ್ತೆ ಅಂತ ನಂಬಿರೋರು ಬಹಳ ಜನ. ತಪ್ಪಲ್ಲ, 95ರಲ್ಲೂ ಎಥೆನಾಲ್ ಇರುತ್ತದೆ. ಎಥೆನಾಲ್ ಇಲ್ಲದ ಪೆಟ್ರೋಲ್ ಆಯ್ಕೆಗೂ ಅವಕಾಶ ಕೊಡಿ ಅಂತ ಹೋಗಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ನಮ್ಮ ಜಿಲ್ಲೆಯವರಿಗೆ ಇದು ಎರಡೂ ಕಡೆ ತಾಗುವ ವಿಷಯ. ಎಥೆನಾಲ್ ಆಗೋದು ಕಬ್ಬಿನಿಂದ, ಗೋವಿನಜೋಳದಿಂದ. ಶಿಗ್ಗಾವಿ ತಾಲೂಕಿನ ಕೋಣನಕೇರಿಯಲ್ಲೇ ಕಾರ್ಖಾನೆ ಇದೆ. 2025ರ ನವೆಂಬರ್‌ನಲ್ಲಿ ಗೋವಿನಜೋಳದ ದರ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಾಗ, ಎಥೆನಾಲ್ ಕಾರ್ಖಾನೆಗಳು ಖರೀದಿ ಮಾಡಲಿ ಅನ್ನೋ ಕೂಗು ಎದ್ದಿದ್ದು ಇದೇ ಕಾರಣಕ್ಕೆ. ಹೊಲದಲ್ಲಿ ಗೋವಿನಜೋಳ, ಮನೆ ಮುಂದೆ 2010ರ ಬೈಕ್. ಅದೇ ರೈತ ಎರಡಕ್ಕೂ ಮಾಲೀಕ.

ಗಾಡಿ ಯಾವ ವರ್ಷದ್ದು ಅನ್ನೋದು ಮುಖ್ಯ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ಪೈಪ್, ರಬ್ಬರ್ ಭಾಗಗಳು ಇ20 ತಡೆಯುವಂಥವು. 2025ರ ಏಪ್ರಿಲ್ ನಂತರದ್ದಕ್ಕೆ ಇಂಜಿನ್ ಹೊಂದಾಣಿಕೆಯೂ ಇ20ಗೇ ಮಾಡಿರುತ್ತಾರೆ. ಅದಕ್ಕಿಂತ ಹಳೇದು ಇದ್ದರೆ ಗಾಬರಿ ಬೇಡ, ಕಣ್ಣಿಟ್ಟಿರಬೇಕು ಅಷ್ಟೇ. ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿ.ಮೀ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಸಚಿವಾಲಯವೂ ಒಪ್ಪಿಕೊಂಡಿದೆ. ಸರ್ವಿಸ್‌ಗೆ ಬಿಟ್ಟಾಗ ಪೆಟ್ರೋಲ್ ಪೈಪ್ ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ, ಕಾರ್ಬುರೇಟರ್ ಸುತ್ತ ಪೆಟ್ರೋಲ್ ವಾಸನೆ ಬರ್ತಿದೆಯಾ ಅಂತ ಬಾಯಿಬಿಟ್ಟು ಕೇಳಿ. ಬಿಸಿ ಇಂಜಿನ್ ಪಕ್ಕ ಪೆಟ್ರೋಲ್ ಸೋರುವುದು ಮೈಲೇಜ್ ಸಮಸ್ಯೆ ಅಲ್ಲ, ಬೆಂಕಿಯ ಸಮಸ್ಯೆ.

ಎಥೆನಾಲ್ ಹಳೇ ಟ್ಯಾಂಕ್‌ನ ಕೊಳೆಯನ್ನೂ ಬಿಡಿಸಿ ಎಳೆದು ತರುತ್ತದೆ. ಗಾಡಿ ಕೆಮ್ಮಿ ಕೆಮ್ಮಿ ನಿಲ್ಲುತ್ತಿದ್ರೆ ಮೊದಲು ಪೆಟ್ರೋಲ್ ಫಿಲ್ಟರ್ ನೋಡಿಸಿ, ಖರ್ಚು ಸಣ್ಣದು. ಎಥೆನಾಲ್‌ನಲ್ಲಿ ಆಮ್ಲಜನಕ ಇರೋದ್ರಿಂದ ಕಾರ್ಬುರೇಟರ್ ಗಾಡಿಗೆ ಮಿಶ್ರಣ ತೆಳುವಾಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತದೆ. ತಿಳಿದ ಮೆಕ್ಯಾನಿಕ್ ಸ್ಕ್ರೂ ತಿರುವಿ ಸರಿ ಮಾಡ್ತಾರೆ.

ಮೈಲೇಜ್ ಕಡಿಮೆ ಆಗುತ್ತಾ? ಆಗುತ್ತೆ. ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. 2021ರ ನೀತಿ ಆಯೋಗದ ವರದಿ ಪ್ರಕಾರ ಎಥೆನಾಲ್ ಇಲ್ಲದ ಪೆಟ್ರೋಲ್‌ಗೆ ವಿನ್ಯಾಸ ಮಾಡಿ ಇ10ಗೆ ಹೊಂದಿಸಿದ ಕಾರುಗಳಿಗೆ ಶೇ 6–7, ಅಂಥದೇ ಬೈಕ್‌ಗಳಿಗೆ ಶೇ 3–4, ಇ10ಗೆ ವಿನ್ಯಾಸ ಮಾಡಿ ಇ20ಗೆ ಹೊಂದಿಸಿದ ಕಾರಿಗೆ ಶೇ 1–2 ಕಡಿತ. ಲೀಟರ್‌ಗೆ 50 ಕೊಡ್ತಿದ್ದ ಬೈಕ್ 48 ಕೊಟ್ಟರೆ ಅದು ಎಥೆನಾಲ್. 35ಕ್ಕೆ ಇಳಿದಿದ್ರೆ ಎಥೆನಾಲ್ ಮೇಲೆ ಹಾಕಿ ಕೂರಬೇಡಿ, ಗಾಡಿಯಲ್ಲೇ ಏನೋ ಆಗಿದೆ.

ಮಳೆ, ನೀರು, ಬಾಟಲಿ

ಹಾನಗಲ್ ಕಡೆಯವರು ಇದನ್ನ ಸ್ವಲ್ಪ ಗಮನವಿಟ್ಟು ಓದಿ, ಮಳೆಗಾಲ ಅಲ್ಲಿ ಜೋರು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿವರೆಗೆ ಬೆರೆತೇ ಇರುತ್ತದೆ, ದಾಟಿದರೆ ನೀರು ಮತ್ತು ಎಥೆನಾಲ್ ಒಟ್ಟಿಗೆ ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಇಳಿಯುತ್ತವೆ. ಇಂಜಿನ್ ಮೊದಲು ಎಳೆಯೋದು ತಳದ್ದನ್ನೇ. ಮುಚ್ಚಳದ ರಬ್ಬರ್ ಹರಿದ ಬೈಕನ್ನು ರಾತ್ರಿಯಿಡೀ ಮಳೆಯಲ್ಲಿ ನಿಲ್ಲಿಸಬೇಡಿ. ಅನುಮಾನ ಬಂದ್ರೆ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ನೋಡಿ, ಕೆಳಗೆ ಬೇರೆ ಪದರ ಕಂಡರೆ ಗಾಡಿ ಸ್ಟಾರ್ಟ್ ಮಾಡದೆ ಟ್ಯಾಂಕ್ ಖಾಲಿ ಮಾಡಿಸಿ.

ಕರೆಂಟ್ ಹೋದಾಗಿನ ಭರವಸೆಗೆ ಅಂಗಡಿಯಲ್ಲಿ ಸಣ್ಣ ಪೆಟ್ರೋಲ್ ಜನರೇಟರ್ ಇಟ್ಟವರಿಗೂ ಇದೇ ಮಾತು. ತಿಂಗಳುಗಟ್ಟಲೆ ಓಡಿಸದಿದ್ರೆ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡಿ. ಇನ್ನು ಹಳ್ಳಿ ಅಂಗಡಿಯ ಬಾಟಲಿ ಪೆಟ್ರೋಲ್. ಎಷ್ಟು ದಿನದ್ದು, ಏನು ಬೆರೆತಿದೆ ಅಂತ ಯಾರಿಗೂ ಗೊತ್ತಿರಲ್ಲ. ಪರವಾನಗಿ ಇಲ್ಲದೆ ಮಾರೋದು 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಅಪರಾಧ ಕೂಡ, ಮಾರುವ ಅಂಗಡಿಯವರು ನಮ್ಮ ಓದುಗರಲ್ಲೇ ಇದ್ದಾರೆ, ಹೇಳಲೇಬೇಕು.

ಬಂಕ್‌ನಲ್ಲಿ ಕೇಳೋಕೆ ಹಕ್ಕಿದೆ

ಅಳತೆ ಮೇಲೆ ಸಂಶಯ ಇದ್ರೆ 5 ಲೀಟರ್ ಅಳತೆ ಪಾತ್ರೆ ತನ್ನಿ ಅಂತ ಕೇಳಿ, ಪ್ರತಿ ಬಂಕ್‌ನಲ್ಲೂ ಅದು ಇರಲೇಬೇಕು. 25 ಮಿಲಿಗಿಂತ ಹೆಚ್ಚು ಕಡಿಮೆ ಬಂದ್ರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಗುಣಮಟ್ಟಕ್ಕೆ ಫಿಲ್ಟರ್ ಪೇಪರ್ ಕೇಳಿ, ಒಂದು ಹನಿ ಹಾಕಿದರೆ ಎರಡು ನಿಮಿಷದಲ್ಲಿ ಕಲೆ ಇಲ್ಲದೆ ಆರಬೇಕು. ಡೆನ್ಸಿಟಿ ಲೆಕ್ಕವನ್ನೂ ತೋರಿಸಬೇಕು. ನೀವು ಅಳೆಸಿದ್ದಕ್ಕೂ ಬಂಕ್‌ನ ದಾಖಲೆಗೂ 3ಕ್ಕಿಂತ ಹೆಚ್ಚು ಅಂತರ ಬಂದ್ರೆ ಪ್ರಶ್ನೆ ಮಾಡಿ. ಬಿಲ್ ಇಲ್ಲದೆ ಈ ಯಾವ ದೂರೂ ನಿಲ್ಲಲ್ಲ, 200 ರೂಪಾಯಿದು ಹಾಕಿಸಿದ್ರೂ ಬಿಲ್ ತಗೊಳ್ಳಿ.

ಕೊನೆಗೆ, ಡೀಸೆಲ್ ಕಾರಿಗೆ ಪೆಟ್ರೋಲ್ ಬಿದ್ದಿತು ಅಂತಾದ್ರೆ ಕೀ ಕೂಡ ತಿರುಗಿಸಬೇಡಿ. ಗಾಡಿಯನ್ನು ನ್ಯೂಟ್ರಲ್ ಮಾಡಿ ಬದಿಗೆ ತಳ್ಳಿಸಿ, ಅಲ್ಲಿಗೇ ಮೆಕ್ಯಾನಿಕ್ ಕರೆಸಿ ಟ್ಯಾಂಕ್ ಖಾಲಿ ಮಾಡಿಸಿ.