ಬಾಲಕರೂ ಸಾರ್ವಜನಿಕ ಪುಸ್ತಕಭಂಡಾರವೂ

ರಾಯಚೂರು ಪಟ್ಟಣವನ್ನು ಬಿಟ್ಟು ಪಶ್ಚಿಮಾಭಿಮುಖವಾಗಿ ಹೊರಟರೆ ಕಲ್ಮಲವೆಂಬ ಊರು ಸಿಕ್ಕುವುದು. ದೇವದುರ್ಗದ ಮೇಲೆ ಹಾದು ತಿಂಥಣಿಯ ಸೇತುವೆಗೆ ಹೋಗುವ ರಸ್ತೆಯು ಇಲ್ಲಿಂದ ಕವಲೊಡೆಯುತ್ತದೆ. ಈ ಸೀಮೆಯ ಮಕ್ಕಳ ಕಿವಿಗೆ ಕನ್ನಡದೊಡನೆ ತೆಲುಗೂ ಉರ್ದುವೂ ಬಾಲ್ಯದಿಂದಲೇ ಬೀಳುತ್ತಿರುತ್ತವೆ. ಇಂತಹ ಊರಿನ ಏಳೆಂಟು ವರ್ಷದ ಬಾಲಕನೊಬ್ಬನು ಸಾರ್ವಜನಿಕ ಪುಸ್ತಕಭಂಡಾರದ ಹೊಸ್ತಿಲನ್ನು ದಾಟಿ, ತನಗೆ ಬೇಕಾದ ಪುಸ್ತಕವನ್ನು ತಾನೇ ಹುಡುಕಿ, ಓದಿ, ಹಿಂದಕ್ಕೆ ತಂದೊಪ್ಪಿಸುವುದನ್ನು ಕಲಿಯುವುದು ಹೇಗೆ? ಇದು ಅಲ್ಪ ವಿಷಯವೆಂದು ಶ್ರೋತೃಗಳಿಗೆ ತೋರಬಹುದು. ಆದರೆ ಇದರ ಹಿಂದೆ ಸಾವಿರ ವರ್ಷದ ಚರಿತ್ರೆಯೊಂದು ನಿಂತಿದೆ.

ನಮ್ಮ ನಾಡಿಗೆ ಪುಸ್ತಕಭಂಡಾರವು ಹೊಸತಲ್ಲ. ರಾಯಚೂರಿನ ಉತ್ತರಕ್ಕೆ, ಈಗಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ, ನಾಗಾವಿ ಎಂಬ ಗ್ರಾಮವಿದೆ. ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಕಾಲಕ್ಕೆ ಸೇರಿದ, ಕ್ರಿ. ಶ. 1058ರ ಅಲ್ಲಿನ ಶಾಸನದಲ್ಲಿ, ದಂಡನಾಯಕ ಮಧುಸೂದನನು ಏರ್ಪಡಿಸಿದ ಘಟಿಕಾಸ್ಥಾನವೊಂದರ ವಿವರ ಬಂದಿರುತ್ತದೆ. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 50 ಮಂದಿ ವಿದ್ಯಾರ್ಥಿಗಳು. ಇವರಿಗೆ ಪಾಠ ಹೇಳುವ ಉಪಾಧ್ಯಾಯರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗಳು. ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಆರು ಮಂದಿ ಪುಸ್ತಕಪಾಲಕರು! ಇಂದಿನ ಎಷ್ಟು ಕಾಲೇಜುಗಳು ಈ ಲೆಕ್ಕವನ್ನು ತೋರಿಸಬಲ್ಲುವೋ ನಾನರಿಯೆ. ಆದರೂ ಒಂದು ಮಾತನ್ನು ಮರೆಯಲಾಗದು. ಆ ಭಂಡಾರವು ಘಟಿಕೆಯ ವಿದ್ಯಾರ್ಥಿಗಳದು; ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದ ಹುಡುಗನದಲ್ಲ. 'ಭಂಡಾರ' ಎಂಬ ಮಾತಿನಲ್ಲಿಯೇ ಬೀಗದ ಸದ್ದು ಇದೆ.

ಮುಂದೆ ನಮ್ಮ ದಾಸರ ಕಾಲದಲ್ಲಿ ವಿದ್ಯೆಯು ಬೇರೊಂದು ದಾರಿಯನ್ನು ಹಿಡಿಯಿತು. ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲಸಿದ ಜಗನ್ನಾಥದಾಸರು, ಇವರ ವಾಣಿಯು ಜನರ ನಾಲಗೆಯ ಮೇಲೆ ಮನೆಯಿಂದ ಮನೆಗೆ ಹೋಯಿತು. ಓದಲರಿಯದ ಅಜ್ಜಿಯೂ ಒಂದು ಸಂಚಾರಿ ಪುಸ್ತಕಾಲಯವಾಗಿದ್ದಳು. ಪುಸ್ತಕವಾದರೋ ವಸ್ತ್ರದಲ್ಲಿ ಸುತ್ತಿ ದೇವರ ಮನೆಯ ಗೂಡಿನಲ್ಲಿ ಇಡತಕ್ಕ ವಸ್ತು. ಅದನ್ನು ಪೂಜಿಸುವುದನ್ನು ಮಗುವಿಗೆ ಕಲಿಸಿದರು. ಬಿಚ್ಚಿ ನೋಡುವುದನ್ನು ಅಷ್ಟಾಗಿ ಕಲಿಸಲಿಲ್ಲ.

1948ರ ಸೆಪ್ಟೆಂಬರಿನ ತನಕ ಈ ಜಿಲ್ಲೆಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಮೊದಲ ಕೆಲವು ತರಗತಿಗಳನ್ನು ದಾಟಿದೊಡನೆ ಶಾಲೆಯ ಮಾತು ಉರ್ದುವಾಗುತ್ತಿತ್ತು. ಉರ್ದುವು ಸೊಗಸಾದ ಭಾಷೆ, ಅದರ ಮೇಲೆ ದೂರಿಲ್ಲ. ಮನೆಯಲ್ಲಿ ಆಡುವ ಮಾತು ಪಾಠದ ಪುಸ್ತಕದಿಂದ ಹೊರಗಾದಾಗ ಬಾಲಕನಿಗೆ ಪುಸ್ತಕವು ಪರರ ಸೊತ್ತಾಗಿ ಕಾಣಿಸುವುದು ಸಹಜ. ಆ ಕಾಲದಲ್ಲಿ ಕನ್ನಡ ಅಕ್ಷರದ ದೀಪವನ್ನು ಆರದಂತೆ ಕಾಯ್ದವು ವಾಚನಾಲಯಗಳು, ಸಂಘಗಳು, ಖಾಸಗಿ ಶಾಲೆಗಳು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಸ್ಥಾಪಿಸಿದ ಹಮ್‌ದರ್ದ್ ಶಾಲೆಯನ್ನು ಇಲ್ಲಿ ನೆನೆಯಬೇಕು. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ನೆರೆದಾಗ ಅಧ್ಯಕ್ಷ ಪೀಠದಲ್ಲಿದ್ದವರು ಪಂಜೆ ಮಂಗೇಶರಾಯರು. ಮಕ್ಕಳಿಗಾಗಿ ಹಾಡನ್ನೂ ಕತೆಯನ್ನೂ ಬರೆದವರು, ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದವರು, ಶಾಲೆಗಳ ಪರೀಕ್ಷಕರಾಗಿ ಹಳ್ಳಿ ಹಳ್ಳಿ ತಿರುಗಿದವರು. ಮಕ್ಕಳಿಗೆ ಕನ್ನಡ ಪುಸ್ತಕಗಳು ದುರ್ಲಭವಾಗಿದ್ದ ಊರಿಗೆ ಮಕ್ಕಳ ಕವಿಯೇ ಅಧ್ಯಕ್ಷರಾಗಿ ಬಂದುದು ನನಗಂತೂ ಅರ್ಥವತ್ತಾಗಿ ಕಾಣುತ್ತದೆ.

ಪುಸ್ತಕಭಂಡಾರವು ಮಕ್ಕಳದೂ ಹೌದೆಂಬುದನ್ನು ದೇಶೀಯ ಸಂಸ್ಥಾನಗಳಲ್ಲಿ ಮೊದಲು ಆಚರಣೆಗೆ ತಂದ ಕೀರ್ತಿಯು ಬಡೋದೆಗೆ ಸಲ್ಲತಕ್ಕದ್ದು. ಸಯಾಜಿರಾವ್ ಮಹಾರಾಜರು 1906ರಲ್ಲಿ ಕಡ್ಡಾಯ ಶಿಕ್ಷಣವನ್ನು ತಮ್ಮ ಸಂಸ್ಥಾನದಲ್ಲೆಲ್ಲ ವಿಸ್ತರಿಸಿದರು; ಕಲಿತ ಅಕ್ಷರವು ಮರೆತು ಹೋಗಬಾರದೆಂದು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬವರನ್ನು ಕರೆಯಿಸಿ ಪುಸ್ತಕಾಲಯಗಳ ಏರ್ಪಾಡನ್ನು ಅವರಿಗೆ ಒಪ್ಪಿಸಿದರು. ಗ್ರಾಮಸ್ಥರು ಒಂದು ಪಾಲು ಹಣ ಕೂಡಿಸಿದರೆ ಪ್ರಾಂತದ ಮಂಡಲಿಯು ಒಂದು ಪಾಲು, ಸರ್ಕಾರವು ಒಂದು ಪಾಲು ಕೊಡುವುದು. ಪುಸ್ತಕಗಳನ್ನು ತುಂಬಿದ ಮರದ ಪೆಟ್ಟಿಗೆಗಳು ಊರೂರಿಗೆ ಹೋಗುತ್ತಿದ್ದುವು. ರಾಜಧಾನಿಯ ಕೇಂದ್ರ ಪುಸ್ತಕಾಲಯದಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ಕೊಠಡಿಯಿತ್ತು, ಅಲ್ಲಿ ಆಟದ ಸಾಮಾನೂ ಇತ್ತು. ಗಂಭೀರ ಪ್ರಕೃತಿಯ ಕೆಲವರಿಗೆ ಇದು ಸರಿಬೀಳಲಾರದು. ಆದರೆ ಆಡಲು ಬಂದ ಮಗುವೇ ಚಿತ್ರದ ಪುಸ್ತಕವನ್ನು ತೆರೆಯುವುದು.

ನಮ್ಮಲ್ಲಿ ಶಾಸನವು ತಡವಾಗಿ ಬಂದಿತು. ಹೈದರಾಬಾದು ರಾಜ್ಯದಲ್ಲಿ 1955ರಲ್ಲಿ ಗ್ರಂಥಾಲಯ ಶಾಸನವಾಯಿತು. ಮರುವರ್ಷವೇ ಆ ರಾಜ್ಯವು ಹಂಚಿಹೋಗಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವು ಅಂಗೀಕೃತವಾಯಿತು. ಮನೆ-ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ಎತ್ತತಕ್ಕದ್ದೆಂದು ಅದರಲ್ಲಿ ವಿಧಿಸಿದೆ. ಮಗುವಿಗೆ ಹೇಳತಕ್ಕ ಮೊದಲ ಪಾಠವು ಇದೇ ಎಂದು ನನ್ನ ಮತ. ಕಪಾಟಿನಲ್ಲಿರುವ ಪುಸ್ತಕವು ಯಾರ ದಾನವೂ ಅಲ್ಲ. ನಿನ್ನ ಅಪ್ಪನು ಕಟ್ಟಿದ ಕರದಲ್ಲಿ ಅದರ ಒಂದು ಹಾಳೆಯಾದರೂ ಬಂದಿದೆ.

ಈ ಪಾಠವು ನನಗೆ ಬಾಲ್ಯದಲ್ಲಿ ದೊರೆಯಲಿಲ್ಲ. ನಾನು ಹೋಗುತ್ತಿದ್ದ ವಾಚನಾಲಯದಲ್ಲಿ ಪುಸ್ತಕಗಳು ಗಾಜಿನ ಬೀರುವಿನೊಳಗೆ ಇರುತ್ತಿದ್ದುವು. ಬೀಗದ ಕೈಯು ಪಾಲಕರ ಜೇಬಿನಲ್ಲಿರುತ್ತಿತ್ತು. ಬೇಕಾದ ಪುಸ್ತಕದ ಹೆಸರು ಹೇಳೆನ್ನುವರು. ನೋಡದ ಪುಸ್ತಕದ ಹೆಸರನ್ನು ಹೇಳುವ ಬಗೆಯೆಂತು? ಎರಡು ವರ್ಷ ಬೆನ್ನುಗಳನ್ನು ಮಾತ್ರ ಓದಿದೆನು. ಈಗ ನನ್ನ ತರಗತಿಗೆ ಬರುವ ಪದವಿಯ ವಿದ್ಯಾರ್ಥಿಗಳು ಗ್ರಂಥಸೂಚಿಯ ಎದುರಿಗೆ ಕೈಕಟ್ಟಿ ನಿಲ್ಲುವುದನ್ನು ಕಂಡಾಗ ಆ ಗಾಜು ಇನ್ನೂ ಒಡೆದಿಲ್ಲವೆನ್ನಿಸುತ್ತದೆ. ಹತ್ತರಲ್ಲಿ ಮುಟ್ಟದ ಕೈ ಇಪ್ಪತ್ತರಲ್ಲಿ ಮುಟ್ಟೀತೇ?

ಕೈ ಮುಟ್ಟಿದ ಮೇಲೆ ಉಳಿದುದು ಸುಲಭ. ಅದರಲ್ಲಿ ಕನ್ನಡದ ಮಗುವಿಗೆ ಒಂದು ವಿಶೇಷಾನುಕೂಲವೂ ಇದೆ. ಕಾಗುಣಿತವನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ಹುಡುಗನಿಗೆ ಸೂಚಿಯ ಅನುಕ್ರಮವು ಆಗಲೇ ಬಾಯಿಗೆ ಬಂದಿರುತ್ತದೆ. ಅನುಸ್ವಾರವನ್ನು ಎಲ್ಲಿ ಹುಡುಕತಕ್ಕದ್ದೆಂಬುದು ಮಾತ್ರ ಪಂಡಿತರನ್ನೂ ತಡಕಾಡಿಸುತ್ತದೆ. ಹೆಸರುಗಳ ತೊಡಕು ಇದಕ್ಕಿಂತ ದೊಡ್ಡದು. ಪಂಜೆಯವರನ್ನು ಪಕಾರದಲ್ಲಿ ನೋಡಬೇಕೋ, ಮಂಗೇಶರಾಯರೆಂದು ಮಕಾರದಲ್ಲಿ ನೋಡಬೇಕೋ? ಪಾಶ್ಚಾತ್ಯರ ಕಡೆಯ ಹೆಸರಿನ ನಿಯಮವು ನಮಗೆ ಒಗ್ಗದು. ಇಂತಹ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟರೆ ಅವರು ಉತ್ಸಾಹದಿಂದ ವಾದಿಸುತ್ತಾರೆ. ವಾದಿಸುತ್ತಲೇ ಸೂಚಿಯ ಮರ್ಮವನ್ನು ಹಿಡಿಯುತ್ತಾರೆ. ಅಮೆರಿಕದ ಡ್ಯೂಯಿಯವರು 1876ರಲ್ಲಿ ಪ್ರಕಟಿಸಿದ ದಶಾಂಶ ಕ್ರಮವನ್ನು ಅನುಸರಿಸುವ ಕಡೆಗಳಲ್ಲಿ 398 ಎಂಬ ಅಂಕೆಯ ಕೆಳಗೆ ಜನಪದ ಕತೆಗಳಿರುತ್ತವೆ. ಅಜ್ಜಿಯ ಕತೆಗಳ ಮನೆ ನಂಬರು ಇದೆಂದು ಹೇಳಿದರೆ ಮಗುವು ಎಂದಿಗೂ ಮರೆಯದು.

ಈಚಿನ ವರ್ಷಗಳಲ್ಲಿ ಒಂದು ಒಳ್ಳೆಯ ಕಾರ್ಯವು ನಡೆದಿದೆ. 2019ರಲ್ಲಿ ಗ್ರಾಮಗಳ ಗ್ರಂಥಾಲಯಗಳು ಪಂಚಾಯತಿ ಇಲಾಖೆಯ ಆಡಳಿತಕ್ಕೆ ಬಂದುವು. ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್ 14ರಂದು, 'ಓದುವ ಬೆಳಕು' ಎಂಬ ಕಾರ್ಯಕ್ರಮವನ್ನು ತೊಡಗಿ, ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಡಲಾಯಿತು. ಶುಲ್ಕವಿಲ್ಲವೆಂಬುದಷ್ಟೇ ಇದರ ಗುಣವಲ್ಲ. ತನ್ನ ಹೆಸರು ಸರ್ಕಾರಿ ದಾಖಲೆಯಲ್ಲಿ ಓದುವವಳೆಂದು ಬರೆಯಲ್ಪಟ್ಟುದನ್ನು ಹುಡುಗಿಯೊಬ್ಬಳು ಕಣ್ಣಾರೆ ಕಾಣುತ್ತಾಳೆ.

ಪುಸ್ತಕವನ್ನು ಹಿಂದಿರುಗಿಸುವ ವಿಷಯದಲ್ಲಿ ಮಾತ್ರ ನಿಯಮಕ್ಕಿಂತ ವಿವೇಕವು ಹೆಚ್ಚು ಬೇಕು. ನಮ್ಮ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಎಷ್ಟೋ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ತಾಯಿಯೊಡನೆ ಹೊಲಕ್ಕೆ ನಡೆಯುತ್ತಾರೆ. ಅವಧಿ ಮೀರಿತೆಂದು ದಂಡ ಹೇಳಿದರೆ, ಆ ಮನೆಯವರು ಮಗುವನ್ನು ಮತ್ತೆಂದೂ ಆ ಬಾಗಿಲಿಗೆ ಕಳುಹಿಸರು. ಕಲ್ಮಲದಿಂದ ಬಹು ದೂರವಲ್ಲದ ಒಂದು ಹಳ್ಳಿಯಲ್ಲಿ ನಾನು ಕಂಡುದನ್ನು ಹೇಳುತ್ತೇನೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹುಡುಗಿಯೊಬ್ಬಳು ಓಡಿಬಂದಳು. ಜಡೆಯಲ್ಲಿ ಇನ್ನೂ ಅರಳೆಯ ಎಳೆಗಳು. ಪುಸ್ತಕವನ್ನು ಮೇಜಿನ ಮೇಲಿಟ್ಟು, "ತಡ ಆತ್ರಿ ಸರ, ಅವ್ವಗ ಓದಿ ಹೇಳಾಕತ್ತಿದ್ದೆ, ಇನ್ನಾ ಮುಗದಿಲ್ಲ" ಎಂದಳು. ಪಾಲಕರು ದಾಖಲೆಯ ಪುಸ್ತಕವನ್ನು ತೆರೆದು ಅವಳ ಹೆಸರಿನೆದುರಿಗೆ ಹೊಸ ತಾರೀಖನ್ನು ಬರೆದು, ಅದೇ ಪುಸ್ತಕವನ್ನು ಅವಳ ಕೈಗೇ ಮರಳಿ ಕೊಟ್ಟರು.